ಬೆಂಚಿನ ಮೇಲೆ ಕೂತವಳು

ನಮ್ಮೂರಲ್ಲಿ ಹಲ್ಲು ಕೀಳಿಸಿಕೊಳ್ಳಲು ಯಾರೂ ಒಬ್ಬರೇ ಹೋಗುವುದಿಲ್ಲ. ಕುರ್ಚಿಯಲ್ಲಿ ಒಬ್ಬರು ಕೂರುತ್ತಾರೆ, ಪಕ್ಕದ ಬೆಂಚಿನಲ್ಲಿ ಇನ್ನೊಬ್ಬರು. ಡಾಕ್ಟರು ಕುರ್ಚಿಯವರ ಹಲ್ಲು ಕೀಳುತ್ತಾರೆ, ಬೆಂಚಿನವರು ಕಿರುಚುತ್ತಾರೆ. ಶುರು ಮಾಡುವ ಮುಂಚೆ ಒಂದು ಚೂರು ಬೆಲ್ಲವನ್ನು ಇಬ್ಬರೂ ಮುರಿದು ತಿಂದರೆ ಮುಗಿಯಿತು, ಗಾಯ ಒಬ್ಬರದು, ನೋವು ಇನ್ನೊಬ್ಬರದು. ಗಾಯ ಮಾಯುವವರೆಗೂ ಹಾಗೆಯೇ. ತಡೆಯಲಾಗದಿದ್ದರೆ ಬೆಂಚಿನವರು ಗಾಯದವರ ಎದುರಿಗೆ ಬಂದು ಕೈ ಚಾಚಿ ವಾಪಸ್ಸು ಕೊಡಬಹುದು. ಹಾಗೆ ಕೊಟ್ಟವರ ಮನೆಯ ಜೊತೆ ಸಂಬಂಧ ಬೆಳೆಸಲು ಆಮೇಲೆ ಜನ ಹಿಂದೆ ಮುಂದೆ ನೋಡುತ್ತಾರೆ. ಇನ್ನು ಬೆಂಚಿನವರೇ ಸತ್ತುಹೋದರೆ ನೋವು ತಾನಾಗಿ ಗಾಯದವರನ್ನು ಹುಡುಕಿಕೊಂಡು ಬರುತ್ತದೆ. ಹಾಗಾಗಿ ಬೆಂಚಿನಲ್ಲಿ ಕೂರುವವರ ಎದೆಯನ್ನು ಡಾಕ್ಟರು ಮೊದಲೇ ಪರೀಕ್ಷಿಸಬೇಕು. ಹೆರಿಗೆಗೆ ಗಂಡಂದಿರೇ ಕೂರುವ ರೂಢಿ ಇರುವುದರಿಂದ ನಮ್ಮೂರಲ್ಲಿ ಈಗೀಗ ಹೆಚ್ಚಿನ ಮನೆಗಳಲ್ಲಿ ಒಂದೊಂದೇ ಮಗು.

ನಮ್ಮ ಮಗಳು ಹುಟ್ಟುವಾಗ ನನ್ನ ಹೆರಿಗೆಗೆ ಕೂತಿದ್ದವನು ನನ್ನ ಗಂಡ ತಿಪ್ಪೇಶ. ಅವಳೀಗ ಗಂಡನ ಮನೆ ಸೇರಿ ಆಗಿದೆ, ಇವನಿನ್ನೂ ಬಾಣಂತಿತನ ಮುಗಿಸಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, "ನಿನ್ನ ಮಗಳನ್ನ ಹೆತ್ತಿದ್ದು ನಾನು ಕಣೇ" ಎನ್ನುತ್ತಾನೆ. ಇದು ಊರಿಗೆಲ್ಲ ನಾಚಿಕೆಯ ಮಾತು. ನೋವು ಹೊತ್ತವರು ಅದರ ಬಗ್ಗೆ ತುಟಿ ಪಿಟಿಕ್ಕೆನ್ನಬಾರದು, ಹೊರಿಸಿದವರು ಹೇಗಿದೆ ಎಂದು ಕೇಳಲೂಬಾರದು. ಕೇಳಿದರೆ ಉಡುಗೊರೆ ತಂದವರ ಹತ್ತಿರ ಎಷ್ಟಕ್ಕೆ ತಂದಿರಿ ಎಂದು ವಿಚಾರಿಸಿದ ಹಾಗೆ. ಗಾಯ ಮಾಯುವ ತನಕ ಬೆಂಚಿನವರಿಗೆ ಎರಡು ಹೊತ್ತು ಮೆತ್ತನೆಯ ಊಟ ಮಾಡಿ ಕಳಿಸುವುದು, ಪಾತ್ರೆ ತೊಳೆದು ವಾಪಸ್ಸು ಬರುವುದು, ಇಷ್ಟೇ ವ್ಯವಹಾರ. ಮಾತಿಲ್ಲ ಕತೆಯಿಲ್ಲ.

ಈ ವರ್ಷ ನನ್ನ ಬುದ್ಧಿಹಲ್ಲು ಕೈಕೊಟ್ಟಿತು. ಎಡಗಡೆ, ಕೆಳಗಿನ ಸಾಲಿನ ಕೊನೆಯದು. ಎಲ್ಲರ ಹಾಗೆ ನೆಟ್ಟಗೆ ಬರದೆ ವಸಡಿನೊಳಗೆ ಅಡ್ಡಡ್ಡ ಮಲಗಿ ಮುಂದಿನ ದವಡೆ ಹಲ್ಲನ್ನು ನೂಕುತ್ತಿತ್ತು. ಕೆನ್ನೆ ಊದಿತು, ಕೀವು ತುಂಬಿತು, ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಹಲ್ಲಿನ ಡಾಕ್ಟರು ಫಾಲಾಕ್ಷಪ್ಪ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. "ಇದು ಸುಲಭಕ್ಕೆ ಬರೋದಲ್ಲಮ್ಮ. ಎಲುಬು ಕೊರೆದು, ಹಲ್ಲನ್ನ ಚೂರು ಮಾಡಿ ತೆಗೀಬೇಕು. ಬಿಟ್ರೆ ಕೀವು ಕುತ್ತಿಗೆಗೆ ಇಳಿಯುತ್ತೆ, ಆಮೇಲೆ ನನ್ನ ಕೈಲಿ ಏನೂ ಇಲ್ಲ. ಗಟ್ಟಿಯಾಗಿರೋರು ಯಾರನ್ನಾದ್ರೂ ಕರ್ಕೊಂಡು ಬೇಗ ಬಾ" ಎಂದರು.

ಕರೆದುಕೊಂಡು ಬರಲು ಯಾರಿದ್ದಾರೆ? ಮನೆಯವರಲ್ಲದವರ ಜೊತೆ ತಿಂದರೆ ಬೆಲ್ಲ ಬರೀ ಬೆಲ್ಲವೇ. ತವರಿನಲ್ಲಿ ಯಾರೂ ಉಳಿದಿಲ್ಲ. ಮಗಳು ಬಸುರಿ, ಅವಳನ್ನು ಕೇಳುವಂತಿಲ್ಲ. ತಿಪ್ಪೇಶನ ಮುಖ ನೋಡಿದೆ. "ನನ್ನ ಪಾಲಿಂದು ನಾನು ಮಾಡಿಯಾಗಿದೆ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ನಾನು ಗೋಡೆಗೆ ಕೆನ್ನೆ ಒತ್ತಿಕೊಂಡು ನರಳುತ್ತಾ ಕೂತೆ. ಗೋಡೆ ತಣ್ಣಗಿತ್ತು, ಅದೊಂದೇ ಸುಖ.

ಆ ಗೋಡೆಯ ಆಚೆ ನನ್ನ ಓರಗಿತ್ತಿ ಸರ್ವಮಂಗಳೆಯ ಮನೆ. ನಾನು ಮಂಗಳಕ್ಕ ಎನ್ನುತ್ತಿದ್ದೆ, ಮಾತಿದ್ದ ಕಾಲದಲ್ಲಿ. ಅವಳ ಗಂಡ ರುದ್ರಮುನಿ ಭಾವ ತಿಪ್ಪೇಶನ ಅಣ್ಣ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರಿಗೆ ಮಕ್ಕಳಿಲ್ಲ. ಮನೆ ಪಾಲಾಗಿ ನಡುವೆ ಗೋಡೆ ಎದ್ದಾಗ ಒರಳುಕಲ್ಲು ಅವಳ ಕಡೆಗೆ ಉಳಿಯಿತು. ಅದು ನನ್ನ ಕಡೆಗೆ ಬರಬೇಕಿತ್ತೆಂದು ನಾನು, ಬಾರದೆಂದು ಅವಳು. ಅಷ್ಟಕ್ಕೇ ಇಬ್ಬರ ಬಾಯಿಗೂ ಬೀಗ ಬಿತ್ತು. ಆಮೇಲೆ ಇಬ್ಬರೂ ಮಿಕ್ಸಿ ತಂದೆವು, ಒರಳು ಮೂಲೆಗೆ ಬಿತ್ತು, ಬೀಗ ಮಾತ್ರ ಹಾಗೇ ಉಳಿಯಿತು. ಹೇಳಲೇಬೇಕಾದ್ದಿದ್ದರೆ ಹಿತ್ತಲಲ್ಲಿ ನಿಂತು ಬೆಕ್ಕಿಗೆ ಹೇಳುತ್ತಿದ್ದೆವು. "ಕರಿಯಾ, ನೀರು ಬಂದಿದೆ ನೋಡು, ಹಿಡಕೊಳ್ಳೋರು ಹಿಡಕೊಳ್ಳಲಿ" ಎಂದು ಅವಳು. "ಕರಿಯಾ, ಕಂಡಿದೀವಿ" ಎಂದು ನಾನು. ಬೆಕ್ಕು ಎರಡೂ ಮನೆಯ ಹಾಲು ಕುಡಿದು ಕೊಬ್ಬಿತ್ತು.

ಆ ದಿನ ಹಿತ್ತಲಲ್ಲಿ ಬಾಯಿಗೆ ಉಪ್ಪುನೀರು ಹಾಕಿಕೊಳ್ಳುತ್ತಿದ್ದೆ. ಆ ಕಡೆಯಿಂದ ಅವಳ ದನಿ ಬಂತು. "ಕರಿಯಾ, ಈ ನರಳಾಟ ಕೇಳಿ ಕೇಳಿ ನನಗೆ ಸಾಕಾಗೋಗಿದೆ. ಕಿವಿಗೆ ಹತ್ತಿ ಇಟ್ಕೊಂಡ್ರೂ ಗೋಡೆ ಬಿಡಲ್ಲ. ಇದರ ಬದಲು ಆ ನೋವೇ ನಾನು ತಗೊಳ್ಳೋದು ವಾಸಿ. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಬರ್ತೀನಂತೆ ಅಂತ ಹೇಳು."

ನನಗೆ ಕೃತಜ್ಞತೆ ಹುಟ್ಟಲಿಲ್ಲ, ಸುಳ್ಳೇಕೆ ಹೇಳಲಿ. ಮೊದಲು ಹುಟ್ಟಿದ್ದು ಅನುಮಾನ. ಇನ್ನು ಸಾಯೋವರೆಗೂ ಇವಳ ಋಣದಲ್ಲಿ ತಲೆ ತಗ್ಗಿಸಿಕೊಂಡು ಓಡಾಡಬೇಕು, ಅದಕ್ಕೇ ಈ ನಾಟಕ ಎಂದುಕೊಂಡೆ. ಬೇಡ ಎನ್ನುವಷ್ಟು ಮಾತ್ರ ದವಡೆಯಲ್ಲಿ ತ್ರಾಣವಿರಲಿಲ್ಲ. "ಕರಿಯಾ, ಆಗಲಿ ಅನ್ನು" ಎಂದೆ.

ದವಾಖಾನೆ ಇರುವುದು ಮಹಡಿಯ ಮೇಲೆ. ನಾನು ಮುಂದೆ, ಅವಳು ಹಿಂದೆ. ಮೆಟ್ಟಿಲ ನಡುವೆ ಅವಳು ನಿಂತಳು, ಸೆರಗು ಸರಿಮಾಡಿಕೊಳ್ಳುವವಳ ಹಾಗೆ. ಇನ್ನೊಂದು ಸ್ವಲ್ಪ ಹತ್ತಿ ಮತ್ತೆ ನಿಂತಳು, ಈ ಸಲ ಬೋರ್ಡು ಓದುವವಳ ಹಾಗೆ. ದಪ್ಪಗಾಗಿದ್ದಾಳೆ, ಕೂತು ತಿಂದರೆ ಇನ್ನೇನು ಎಂದುಕೊಂಡೆ. ಒಳಗೆ ಡಾಕ್ಟರು ಸ್ಟೆತಾಸ್ಕೋಪು ಕೈಗೆತ್ತಿಕೊಂಡು ಕೇಳಿದರು.

"ಏನಮ್ಮ, ಎದೆ ನೋವು, ಸುಸ್ತು, ಏದುಸಿರು ಏನಾದ್ರೂ ಉಂಟಾ?"

"ಗುಂಡುಕಲ್ಲಿನ ಹಾಗಿದೀನಿ, ನಿಮ್ಮ ಕೆಲಸ ನೋಡಿ ಡಾಕ್ಟ್ರೇ."

ಹೊರಗೆ ಜನ ತುಂಬಿದ್ದರು. ಡಾಕ್ಟರು ಅದನ್ನು ಸೀರೆಯ ಮೇಲೆಯೇ ಒಂದು ಗಳಿಗೆ ಇಟ್ಟು ತೆಗೆದರು. ಮಂಗಳಕ್ಕ ಸೊಂಟದಿಂದ ಬೆಲ್ಲದ ಚೂರು ತೆಗೆದು ಮುರಿದು, ನನ್ನ ಮುಖ ನೋಡದೆ ಅರ್ಧವನ್ನು ನನ್ನ ಕಡೆಗೆ ಹಿಡಿದಳು. ಬೆಲ್ಲ ಕರಗುತ್ತಿದ್ದ ಹಾಗೆಯೇ ನನ್ನ ನೋವು ಹೋಯಿತು. ಎಷ್ಟೋ ದಿನದಿಂದ ತಲೆಯೊಳಗೆ ಓಡುತ್ತಿದ್ದ ಗಿರಣಿಯನ್ನು ಯಾರೋ ನಿಲ್ಲಿಸಿದ ಹಾಗಾಯಿತು. ಸುಖಕ್ಕೆ ಕಣ್ಣೀರು ಬಂತು. ಪಕ್ಕದಲ್ಲಿ ಅವಳ ಕೆನ್ನೆ ಒಂದು ಸಲ ಅದುರಿತು.

ಮುಂದಿನದೆಲ್ಲ ನಾನು ಸಿನಿಮಾ ನೋಡಿದ ಹಾಗೆ ನೋಡಿದೆ. ವಸಡು ಕೊಯ್ದರು. ಎಲುಬು ಕೊರೆಯುವಾಗ ಸುಟ್ಟ ವಾಸನೆ ಬಂತು. ಹಲ್ಲು ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರು ಅದನ್ನು ಸೀಳಿ, ಮೀಟಿ, ನನ್ನ ಗದ್ದವನ್ನು ಇನ್ನೊಂದು ಕೈಯಲ್ಲಿ ಅವುಚಿ ಹಿಡಿದು ಎಳೆದರು. ಅವರ ಹಣೆಯ ಬೆವರು ನನ್ನ ಕತ್ತಿನ ಮೇಲೆ ಬಿತ್ತು. ನನಗೆ ಬರೀ ನೂಕಿದ ಹಾಗೆ, ಜಗ್ಗಿದ ಹಾಗೆ. ತಲೆ ಹಿಂದಕ್ಕೆ ವಾಲಿದ್ದರಿಂದ ಕಣ್ಣ ಕೊನೆಯಲ್ಲಿ ಕಾಣುತ್ತಿದ್ದದ್ದು ಮಂಗಳಕ್ಕನ ಪಾದಗಳು ಮಾತ್ರ. ಕಾಲುಂಗುರದ ಬೆರಳುಗಳು ನೆಲವನ್ನು ಗೀರುವ ಹಾಗೆ ಮಡಚಿಕೊಂಡವು, ಬಿಚ್ಚಿಕೊಂಡವು, ಮತ್ತೆ ಮಡಚಿಕೊಂಡವು. ಕಿರುಚುತ್ತಾಳೆ, ಈಗ ಕಿರುಚುತ್ತಾಳೆ ಎಂದು ಕಾದೆ. ಅವಳು ಕಿರುಚಲಿಲ್ಲ. ಹೊರಗೆ ಕಾಯುತ್ತಿದ್ದವರು ಕೂಡ ಮಾತು ನಿಲ್ಲಿಸಿದರು. ಇಷ್ಟು ಹೊತ್ತಾದರೂ ಒಳಗಿಂದ ಕೂಗು ಬಾರದೇ ಇದ್ದದ್ದು ಅವರಿಗೆ ಭಯ ಹುಟ್ಟಿಸಿರಬೇಕು.

ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ಡಾಕ್ಟರು ಎಲ್ಲರಿಗೂ ಹೇಳುವ ಮಾತು ಹೇಳಿದರು. ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಅದು ಕದಲಬಾರದು, ಉಗುಳಬಾರದು, ಹೀರಬಾರದು, ಗಟ್ಟಿ ಪದಾರ್ಥ ತಿನ್ನಬಾರದು. ಮಂಗಳಕ್ಕನ ಕಡೆ ತಿರುಗಿ, "ದಿನದಿಂದ ದಿನಕ್ಕೆ ನೋವು ಇಳೀತಾ ಬರಬೇಕಮ್ಮ. ಏರಿದ್ರೆ ಬಂದು ಹೇಳಿ" ಎಂದರು. ಅವಳು ತಲೆಯಾಡಿಸಿದಳು. ಮರ್ಯಾದಸ್ಥರು ಯಾರೂ ಹಾಗೆ ಹೋಗಿ ಹೇಳುವುದಿಲ್ಲವೆಂದು ಅವರಿಗೂ ಗೊತ್ತು, ಆದರೂ ಹೇಳುತ್ತಾರೆ.

ಸರ್ವಮಂಗಳಮ್ಮ ಉಸಿರೆತ್ತಲಿಲ್ಲವಂತೆ ಎಂಬ ಸುದ್ದಿ ನಮಗಿಂತ ಮುಂಚೆ ಬೀದಿ ಮುಟ್ಟಿತ್ತು. ಎದುರಾದ ಹೆಂಗಸರೆಲ್ಲ ಅವಳಿಗೆ ದಾರಿ ಬಿಟ್ಟು ನಿಂತರು. ನನ್ನ ಊದಿದ ಮುಖವನ್ನು ಯಾರೂ ನೋಡಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಮರುದಿನದಿಂದ ಗಂಜಿ ಶುರುವಾಯಿತು. ಅಕ್ಕಿ ನುಚ್ಚು ಬೇಯಿಸಿ, ಮಜ್ಜಿಗೆ ಬೆರೆಸಿ, ಆರಿಸಿ, ಪಾತ್ರೆಯನ್ನು ಗೋಡೆಯ ಮೇಲೆ ಇಡುತ್ತಿದ್ದೆ. ಆಚೆಯಿಂದ ಕೈ ಬಂದು ಎತ್ತಿಕೊಳ್ಳುತ್ತಿತ್ತು. ಮೊದಮೊದಲು ಪಾತ್ರೆ ಖಾಲಿಯಾಗಿ, ಫಳಫಳ ತೊಳೆದು ಬಂತು. ನನ್ನ ಕೆನ್ನೆ ಹಸಿರಾಯಿತು, ಹಳದಿಯಾಯಿತು, ಊತ ಇಳಿಯಿತು. ನನಗೇನೂ ತಿಳಿಯುತ್ತಿರಲಿಲ್ಲ. ನಮ್ಮೂರಲ್ಲಿ ಗಾಯ ಎಂದರೆ ಕನ್ನಡಿಯಲ್ಲಿ ನೋಡುವ ವಸ್ತು. ಕನ್ನಡಿಯ ಎದುರು ಇಲ್ಲದಾಗ ಅದು ಇದೆ ಎನ್ನುವುದೇ ಮರೆತುಹೋಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಎಳನೀರು ಕಂಡಿತು, ಬಿಸಿಲಿತ್ತು, ಕೊಳವೆ ಹಾಕಿ ತಳದ ತನಕ ಹೀರಿದೆ. ಬಾಯಲ್ಲಿ ಏನೋ ಮೆತ್ತಗಿನದು ಕಳಚಿ ಬಂತು, ಉಗುಳಿದೆ. ಕಪ್ಪಗಿತ್ತು. ನೋವಿಲ್ಲವಲ್ಲ, ಸರಿ ಹೋಗಿದೆ ಎಂದುಕೊಂಡು ಮನೆಗೆ ನಡೆದೆ.

ಆಮೇಲೆ ಪಾತ್ರೆಯಲ್ಲಿ ಗಂಜಿ ಉಳಿದು ಬರತೊಡಗಿತು. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಟ್ಟಿಯೇ ಇಲ್ಲ ಎನ್ನುವ ಹಾಗೆ. ನಾನು ಉರಿದುಬಿದ್ದೆ. ಊಟವನ್ನು ಉಳಿಸಿ ವಾಪಸ್ಸು ಕಳಿಸುವುದಕ್ಕಿಂತ ದೊಡ್ಡ ಅವಮಾನವಿದೆಯೇ? "ನೋಡ್ದಾ ನಿನ್ನ ಅತ್ತಿಗೆ ಕೊಬ್ಬು? ಊರವರು ಹೊಗಳಿದ್ದೇ ಹೊಗಳಿದ್ದು, ನನ್ನ ಗಂಜಿ ಈಗ ಅವಳ ನಾಲಿಗೆಗೆ ಹಿಡಿಸಲ್ಲ" ಎಂದು ತಿಪ್ಪೇಶನ ಮುಂದೆ ಕೂಗಾಡಿದೆ. ಗೋಡೆಯ ಆಚೆ ಕೇಳಲಿ ಎಂದೇ ಕೂಗಿದೆ.

"ಮೈಗೆ ಹುಷಾರಿಲ್ಲವೇನೋ, ಒಂದು ಮಾತು ಕೇಳಬಾರದಾ?" ಎಂದ ತಿಪ್ಪೇಶ.

"ಕೇಳಬಾರದು ಅಂತ ಗೊತ್ತಿಲ್ವಾ ನಿನಗೆ? ನಿನ್ನ ಹಾಗೆ ಮಾನ ಮರ್ಯಾದೆ ಬಿಟ್ಟೋಳಲ್ಲ ನಾನು."

ಮರುದಿನ ಗಂಜಿ ಬೇಡವಾದರೆ ಇದನ್ನೇ ತಿನ್ನಲಿ ಎಂದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟೆ. ಅಂದು ತಟ್ಟೆ ಖಾಲಿಯಾಗಿ ಬಂತು. ಗೆದ್ದೆ ಎಂದುಕೊಂಡೆ. ಕರಿಯನಿಗೆ ಕೂಡ ಹೇಳಿದೆ, "ನೋಡೋ, ರುಚಿ ಇದ್ರೆ ಎಲ್ಲಾ ಇಳಿಯುತ್ತೆ." ಆಚೆಯಿಂದ ಉತ್ತರ ಬರಲಿಲ್ಲ. ಈಚೆಗೆ ಅವಳು ಬೆಕ್ಕಿನ ಜೊತೆಗೂ ಮಾತು ಬಿಟ್ಟಿದ್ದಳು. ಅದೂ ಜಂಬವೇ ಎಂದು ನನ್ನ ಲೆಕ್ಕ.

ಆ ವಾರದ ಕೊನೆಗೆ ಎದುರು ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಮಂಗಳಕ್ಕನಿಗೂ ಕರೆಯಿತ್ತು, ಬಂದಿರಲಿಲ್ಲ. ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಪಕ್ಕದವಳು ಏನೋ ತಮಾಷೆ ಹೇಳಿದಳು, ಬಾಯಿ ತುಂಬ ನಕ್ಕೆ. ಆ ನಗುವಿನ ನಡುವೆಯೇ ಅದು ಬಂತು. ಎಡ ದವಡೆಯ ಗುಂಡಿಯಿಂದ ಎದ್ದು ಕಿವಿಯೊಳಗೆ ನುಗ್ಗಿ, ಕಣ್ಣಿನ ಹಿಂದೆ ಹೋಗಿ, ನೆತ್ತಿಗೆ ಬಡಿದು ಮತ್ತೆ ಕೆಳಗಿಳಿಯಿತು. ಹಲ್ಲು ಕೀಳಿಸುವ ಮುಂಚೆ ನಾನು ನರಳಿದ್ದೆನಲ್ಲ, ಅದು ಇದರ ಮುಂದೆ ಸೊಳ್ಳೆ ಕಚ್ಚಿದ ಹಾಗೆ. ಎಲೆಯ ಮೇಲೆ ಬಿದ್ದೆ. ಕೆನ್ನೆ ಹಿಡಿದುಕೊಂಡ ನನ್ನನ್ನು ನೋಡಿ ಪಂಕ್ತಿಯಲ್ಲಿದ್ದವರೆಲ್ಲ ಊಟ ಬಿಟ್ಟು ಎದ್ದು ನಿಂತರು. ನಮ್ಮೂರಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೋವು ವಾಪಸ್ಸು ಬಂದಿದೆ, ಕೊಡಲು ಯಾರೂ ಎದುರಿಗೆ ಬಂದಿಲ್ಲ ಎಂದರೆ ಒಂದೇ ಅರ್ಥ.

ಬೀದಿ ದಾಟಿ ಓಡಿದೆ. ಅವಳ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು, ಅಗುಳಿ ಹಾಕಿರಲಿಲ್ಲ. ಪಾಲಾದ ಮೇಲೆ ಮೊದಲ ಸಲ ಆ ಹೊಸ್ತಿಲು ದಾಟಿದೆ. ನಡುಮನೆಯಲ್ಲಿ, ನಮ್ಮಿಬ್ಬರ ಗೋಡೆಗೆ ಎಡಗೆನ್ನೆ ಒತ್ತಿಕೊಂಡು ಮಂಗಳಕ್ಕ ಕೂತಿದ್ದಳು. ಸೆರಗನ್ನು ಉಂಡೆ ಮಾಡಿ ಬಾಯೊಳಗೆ ತುರುಕಿಕೊಂಡಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಗೋಡೆಯ ಆಚೆ ಕೇಳಿಸದ ಹಾಗೆ ಕಚ್ಚಿದ್ದಾಳೆ, ನನಗೆ ಕೇಳಿಸದ ಹಾಗೆ. ಸೆರಗನ್ನು ಬಿಡಿಸಲು ಹೋದೆ, ಬರಲಿಲ್ಲ. "ಅಕ್ಕಾ, ಕೈ ಚಾಚಬಾರದಿತ್ತೇನೇ? ಗೋಡೆ ಬಡೀಬಾರದಿತ್ತೇನೇ? ನಾನೇನು ನಿನ್ನ ತಿಂದು ಹಾಕ್ತಿದ್ನಾ?" ಎಂದು ಕೂಗಿದೆ. ಕೂಗಿದಾಗ ಬಾಯಿ ತೆರೆದು ನೋವು ಮತ್ತೆ ನೆತ್ತಿಗೆ ಹತ್ತಿತು. ಅವಳ ಮಡಿಲಲ್ಲಿ ತಲೆಯಿಟ್ಟು ಬಿದ್ದುಕೊಂಡೆ. ಎದೆ ಒಡೆದುಹೋಗಿದೆ ಎಂದು ಬಂದವರು ಹೇಳಿದರು.

ಮಣ್ಣು ಮುಗಿದ ಮೇಲೆ ತಿಪ್ಪೇಶ ಬೆಲ್ಲ ಹಿಡಿದು ಬಂದ. "ಕೊಡು, ನಾನು ತಗೋತೀನಿ" ಎಂದ. ಪಾಪ, ನಿಜವಾಗಿಯೇ ಹೇಳಿದ. ನಾನು ಕೊಡಲಿಲ್ಲ. ಅವಳಿಂದ ನನಗೆ ಬಂದದ್ದು ಇದೊಂದೇ, ಇದನ್ನೂ ಬೇರೆಯವರಿಗೆ ದಾಟಿಸಿ ಹಾಯಾಗಿ ಹೇಗೆ ಕೂರಲಿ? ಊಟವಿಲ್ಲ, ನಿದ್ದೆಯಿಲ್ಲ. ಅವಳು ಇದನ್ನಿಟ್ಟುಕೊಂಡು ಮನೆ ಗುಡಿಸಿದ್ದಾಳೆ, ಪಾತ್ರೆ ತೊಳೆದಿದ್ದಾಳೆ, ನೀರು ಹಿಡಿದಿದ್ದಾಳೆ ಎಂದು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ರುದ್ರಮುನಿ ಭಾವ ಬಂದು ಬಾಗಿಲಲ್ಲಿ ನಿಂತರು. ಗಿರಣಿಯಲ್ಲಿ ಮೂಟೆ ಎತ್ತಿ ಎತ್ತಿ ಬಾಗಿಲಿನಷ್ಟು ಅಗಲವಾದ ಆಳು. ಎರಡು ದಿನದಲ್ಲಿ ಮುದುಕರಾಗಿದ್ದರು. "ಆವತ್ತು ನನ್ನ ತಟ್ಟೆಗೆ ರೊಟ್ಟಿ ಹಾಕಿದ್ಲು. ನೀನು ಕಳಿಸಿದ್ದು ಅಂದ್ಲು. ಚೆನ್ನಾಗಿದೆ ಅಂತ ತಿಂದೆ ಕಣಮ್ಮ. ನೀನು ತಿನ್ನು ಅಂದ್ರೆ ಆಗಲೇ ಆಯ್ತು ಅಂದ್ಲು" ಎಂದರು. ಆಮೇಲೆ, "ನಡಿ, ಡಾಕ್ಟರ ಹತ್ರ ಹೋಗೋಣ. ನೀನೂ ಹೋಗಿಬಿಟ್ರೆ ತಮ್ಮನ ಮುಖ ನಾನು ಹೇಗೆ ನೋಡಲಿ" ಎಂದರು.

ಡಾಕ್ಟರು ದೀಪ ಹಾಕಿ ಬಾಯೊಳಗೆ ನೋಡಿದರು.

"ಹೆಪ್ಪು ಯಾವಾಗಲೋ ಹೋಗಿದೆ. ಗುಂಡಿ ಒಣಗಿ ಎಲುಬು ಬಯಲಾಗಿದೆ. ಗಾಳಿ ಸೋಕಿದ್ರೂ ಜೀವ ಹೋಗೋ ಅಂಥ ನೋವು ಇದು."

"ಇದಕ್ಕೆ ಏನು ಮಾಡ್ಬೇಕು ಡಾಕ್ಟ್ರೇ?" ಎಂದು ಭಾವ ಕೇಳಿದರು.

"ತೊಳೆದು, ಲವಂಗದೆಣ್ಣೆ ಮದ್ದಿನ ಬಟ್ಟೆ ಇಟ್ಟು ಎಲುಬು ಮುಚ್ಚಬೇಕು. ಆಮೇಲೆ ಇಳಿದುಹೋಗುತ್ತೆ."

"ಎಷ್ಟು ಹೊತ್ತಿನ ಕೆಲಸ?"

ಡಾಕ್ಟರು ಕೈತೊಳೆಯುವ ನೆಪದಲ್ಲಿ ಆ ಕಡೆ ತಿರುಗಿದರು. "ಐದು ನಿಮಿಷ" ಎಂದರು.

ಭಾವ ಬೆಂಚಿನಲ್ಲಿ ಕೂತರು. ಅಂಗಿಯ ಜೇಬಿನಿಂದ ಬೆಲ್ಲ ತೆಗೆದರು. "ಅದು ಹಾಕೋಕೆ ಮುಂಚೆ ಒಂದು ಗಳಿಗೆ ನನಗೆ ಕೊಡಮ್ಮ. ಅವಳ ಹತ್ರ ಏನಿತ್ತು ಅಂತ ನನಗೆ ಗೊತ್ತಾಗ್ಬೇಕು."

ಬೇಡ ಭಾವ ಎಂದೆ. ಅವರು ಕೇಳಲಿಲ್ಲ. ಡಾಕ್ಟರು ಅವರ ಎದೆಯ ಮೇಲೆ ಎಲ್ಲ ಕಡೆ ಸ್ಟೆತಾಸ್ಕೋಪು ಇಟ್ಟು ನೋಡಿ, ಬಹಳ ಹೊತ್ತು ನೋಡಿ, ಆಗಬಹುದು ಎಂದು ತಲೆಯಾಡಿಸಿದರು. ಬೆಲ್ಲ ಮುರಿದು ತಿಂದೆವು. ನನ್ನ ದವಡೆ ನಿಶ್ಶಬ್ದವಾಯಿತು. ಭಾವ ಬೆಂಚಿನ ಅಂಚು ಹಿಡಿದುಕೊಂಡರು. ಬಾಯಿ ತೆರೆದರು, ದನಿ ಹೊರಡಲಿಲ್ಲ. ಆಮೇಲೆ ಹೊರಟ ದನಿಗೆ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅಷ್ಟು ದೊಡ್ಡ ಮನುಷ್ಯ ಬೆಂಚಿನಿಂದ ಜಾರಿ ಮೊಣಕಾಲ ಮೇಲೆ ಬಿದ್ದು, ತೆವಳಿಕೊಂಡು ನನ್ನ ಕುರ್ಚಿಯ ಮುಂದೆ ಬಂದು ಎರಡೂ ಕೈ ಚಾಚಿದರು. "ತಗೋಮ್ಮ, ತಗೋ, ನನ್ನ ಕೈಲಾಗಲ್ಲ" ಎಂದರು. ನಾನು ಕೈ ಹಿಡಿದು ವಾಪಸ್ಸು ತೆಗೆದುಕೊಂಡೆ.

ಡಾಕ್ಟರು ಗುಂಡಿಯನ್ನು ತೊಳೆದು ಬಟ್ಟೆ ತುಂಬಿದರು. ಬಾಯಿ ತುಂಬ ಲವಂಗದ ಘಾಟು. ಸ್ವಲ್ಪ ಹೊತ್ತಿಗೆ ನೋವು ಇಳಿಯತೊಡಗಿತು, ನನಗೆ ಬೇಕಾಗಿರಲಿ ಬೇಡವಾಗಿರಲಿ ಇಳಿಯಿತು. ಭಾವ ಇನ್ನೂ ನೆಲದ ಮೇಲೆಯೇ ಬೆಂಚಿಗೆ ಒರಗಿ ಕೂತಿದ್ದರು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಏಳಿ ಭಾವ ಎಂದು ತೋಳು ಹಿಡಿದೆ. ಅವರು ನನ್ನನ್ನು ನೋಡಲಿಲ್ಲ.

"ಅಷ್ಟೂ ರಾತ್ರಿ ನನ್ನ ಪಕ್ಕದಲ್ಲೇ ಮಲಗಿದ್ಲು" ಎಂದರು.